ಟೀಚರ್ ಕೈಯಲ್ಲಿ ಸದಾ ಮೊಬೈಲ್ ಏಕೆ?

ನಮ್ಮ ನೊಣವಿನಕೆರೆಯ ಕಡೆ ತಾಯಂದಿರು ಶಾಲೆಯ ಬಗ್ಗೆ ಹೇಳುವ ದೂರುಗಳಲ್ಲಿ ಇದೂ ಒಂದು: “ಟೀಚರ್ ಯಾವಾಗ ನೋಡಿದರೂ ಮೊಬೈಲ್ ಹಿಡಿದುಕೊಂಡೇ ಇರುತ್ತಾರಂತೆ.” ಮಕ್ಕಳು ಮನೆಗೆ ಬಂದು ಹೇಳುವ ಮಾತಿದು. ಸುಳ್ಳೇನಲ್ಲ. ಆದರೆ ಸಹೋದರಿಯರೇ, ಆ ಮೊಬೈಲಿನಲ್ಲಿ ನಡೆಯುವುದೇನೆಂದು ನಿಮಗೂ ತಿಳಿದಿರಬೇಕು.

ಮಕ್ಕಳ ವಿವರ, ಹಾಜರಿ, ಪರೀಕ್ಷೆಯ ಅಂಕ ಎಲ್ಲವನ್ನೂ ‘ಸ್ಯಾಟ್ಸ್’ ಎಂಬ ರಾಜ್ಯದ ವ್ಯವಸ್ಥೆಗೆ ತುಂಬಬೇಕು. ಕೇಂದ್ರದ ‘ಯುಡೈಸ್’ ಬೇರೆ. ಬಿಸಿಯೂಟ, ಹಾಲು, ಮೊಟ್ಟೆ, ಬಾಳೆಹಣ್ಣುಗಳ ಲೆಕ್ಕ ಬೇರೆ. ಇವೆಲ್ಲ ಮಕ್ಕಳಿಗೆ ಬೇಕಾದವೇ. ಲೆಕ್ಕ ಇಡುವವರು ಮಾತ್ರ ಪಾಠ ಮಾಡಬೇಕಾದವರು. ಆಧಾರ್‌ನಲ್ಲಿ ‘ಸಯೀದಾ’, ಶಾಲೆಯ ದಾಖಲೆಯಲ್ಲಿ ‘ಸೈದಾ’ ಎಂದಿದ್ದರೆ ತಿದ್ದುಪಡಿಗಾಗಿ ಓಡಾಟ. (ಒಂದೇ ಹೆಸರನ್ನು ನಾಲ್ಕು ಕಡೆ ನಾಲ್ಕು ಬಗೆಯಲ್ಲಿ ಬರೆಸುವುದು ನಮ್ಮ ಮನೆಗಳ ಹಳೆಯ ರೂಢಿ. ಶಾಲೆಗೆ ಸೇರಿಸುವ ದಿನವೇ ಜನನ ಪತ್ರ ನೋಡಿ ಬರೆಸಿದರೆ ಎಷ್ಟೋ ತೊಂದರೆ ತಪ್ಪುತ್ತದೆ.) ಕಂಪ್ಯೂಟರ್ ಬಂದರೆ ಬರೆಯುವ ಕೆಲಸ ಕಡಿಮೆಯಾಗುತ್ತದೆ ಎಂದು ಹೇಳಲಾಗಿತ್ತು. ಅನೇಕ ಕಡೆ ರಿಜಿಸ್ಟರೂ ಉಳಿಯಿತು, ಮೊಬೈಲೂ ಬಂತು.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಿಕ್ಷಕರ ಕೆಲಸ ವಾರಕ್ಕೆ 45 ಗಂಟೆ. ಪಾಠಕ್ಕೆ ತಯಾರಾಗುವ ವೇಳೆಯೂ ಅದರಲ್ಲೇ ಸೇರಿದೆ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ಚುನಾವಣೆ, ವಿಕೋಪ ಪರಿಹಾರ ಬಿಟ್ಟು ಶಿಕ್ಷಣಕ್ಕೆ ಸಂಬಂಧಪಡದ ಬೇರೆ ಕೆಲಸಕ್ಕೆ ಅವರನ್ನು ನಿಯೋಜಿಸಬಾರದೆಂದು ಅದೇ ಕಾಯ್ದೆಯ 27ನೇ ಕಲಮು ಹೇಳುತ್ತದೆ. ಆದರೂ 2025ರ ದಸರಾ ವೇಳೆ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮೊಬೈಲ್ ಹಿಡಿದು ಮನೆಮನೆ ಸುತ್ತಿದರು. ಕೆಲಸ ಮುಗಿಯಲಿಲ್ಲವೆಂದು ಸರಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಲಾಯಿತು. ಸಮೀಕ್ಷೆ ಬೇಡವೆಂದು ನಾನು ಹೇಳುವುದಿಲ್ಲ. ಆ ಅಂಕಿ ಅಂಶಗಳು ನಮ್ಮಂಥ ಸಮುದಾಯಗಳಿಗೆ ಬೇಕು. ಆದರೆ ಅದರ ಬೆಲೆಯನ್ನು ಸರಕಾರಿ ಶಾಲೆಯ ಮಕ್ಕಳೇ ಏಕೆ ತೆರಬೇಕು?

ತಂತ್ರಜ್ಞಾನ ಕೆಟ್ಟದ್ದೆಂದು ಭಾವಿಸಬೇಡಿ. 2004ರಲ್ಲಿ ಹಾರಿಸಿದ ‘ಎಜುಸ್ಯಾಟ್’ ಉಪಗ್ರಹದ ಪಾಠಗಳನ್ನು ಪ್ರಾಯೋಗಿಕವಾಗಿ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಿಗೆ ತಲುಪಿಸಲಾಗಿತ್ತು. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಹೃದಯದ ಕವಾಟ ಹೇಗೆ ತೆರೆದು ಮುಚ್ಚುತ್ತದೆಂದು ಕಪ್ಪುಹಲಗೆಯ ಮೇಲೆ ಎಷ್ಟು ಗೀಚಿದರೂ ಅರ್ಥವಾಗದ್ದು ಟಿ.ವಿ.ಯಲ್ಲಿ ಒಂದು ನಿಮಿಷದಲ್ಲಿ ಅರ್ಥವಾಗುತ್ತದೆ.

ಆದರೆ ಟಿ.ವಿ.ಗೆ ಕಿವಿಯಿಲ್ಲ. ಮನೆಯಲ್ಲಿ ಉರ್ದು ಮಾತನಾಡುವ ಮಗು ‘ಹಳ್ಳಿ’ ಎಂಬುದನ್ನು ‘ಹಲ್ಲಿ’ ಎಂದು ಓದಿದರೆ ಅದು ತಿದ್ದುವುದಿಲ್ಲ. ಮದರಸದಲ್ಲಿ ಕಲಿತವರಿಗೆ ಸಬಖ್ ಒಪ್ಪಿಸುವುದು ಗೊತ್ತಿದೆ. ಉಸ್ತಾದರು ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು ಕೇಳುತ್ತಿದ್ದರು. ತಪ್ಪಿದ ಅಕ್ಷರ ಸರಿಯಾಗದೆ ಮುಂದಿನ ಪಾಠವಿಲ್ಲ. ಬಿ.ಎ. ಮಾಡುವಾಗ ಓದಿದ ಎಷ್ಟೋ ವಿಷಯ ಮರೆತಿದೆ, ಆ ಕ್ರಮ ಮರೆತಿಲ್ಲ. ತರಗತಿಯಲ್ಲಿ 30 ಮಕ್ಕಳಿದ್ದು ಒಬ್ಬೊಬ್ಬರಿಗೆ ಒಂದೂವರೆ ನಿಮಿಷ ಕೊಟ್ಟರೂ ಮುಕ್ಕಾಲು ಗಂಟೆ ಬೇಕು. ಮಾಹಿತಿ ತುಂಬುವ ಕೆಲಸ ನುಂಗುವುದು ಈ ಮುಕ್ಕಾಲು ಗಂಟೆಯನ್ನೇ.

ಇನ್ನು ತರಬೇತಿಯ ವಿಚಾರ. ಶಿಕ್ಷಕರು ವರ್ಷಕ್ಕೆ 50 ಗಂಟೆಯಾದರೂ ವೃತ್ತಿ ತರಬೇತಿ ಪಡೆಯಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳುತ್ತದೆ. ಕೋವಿಡ್ ಕಾಲದಿಂದ ಇದರಲ್ಲಿ ಬಹಳಷ್ಟು ‘ದೀಕ್ಷಾ’ ಆ್ಯಪ್‌ನಲ್ಲೇ ನಡೆಯತೊಡಗಿತು. ರಾತ್ರಿ ಒಲೆಯ ಮೇಲೆ ಸಾರು, ಪಕ್ಕದಲ್ಲಿ ಓಡುತ್ತಿರುವ ವಿಡಿಯೋ, ಕೊನೆಗೆ ಪ್ರಶ್ನೆಗಳಿಗೆ ಗುರುತು ಹಾಕಿದರೆ ಪ್ರಮಾಣಪತ್ರ. ಮನೆ, ಶಾಲೆ ಎರಡನ್ನೂ ನೋಡುವ ಶಿಕ್ಷಕಿಯ ಪಾಡು ನಿಮಗೆ ಬಿಡಿಸಿ ಹೇಳಬೇಕೇ? ನಮ್ಮ ತಿಪಟೂರು ಸೀಮೆಯಲ್ಲಿ ತೆಂಗಿನಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲಿದ್ದರೆ ತಾನೇ ಉಂಡೆ ಕೊಬ್ಬರಿಯಾಗುವುದು! 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ‘ನಲಿ ಕಲಿ’ಯನ್ನು ನೋಡಿ. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಕಣ್ಣಾರೆ ಕಂಡು ಬಂದು, ಒಟ್ಟಿಗೆ ಕೂತು ಕಲಿಕಾ ಕಾರ್ಡುಗಳನ್ನು ತಾವೇ ತಯಾರಿಸಿದರು. 2009-10ರ ಹೊತ್ತಿಗೆ ಅದು ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ತರಬೇತಿ ಎಂದರೆ ಅದು.

ಇದರಲ್ಲಿ ನಿಮ್ಮ ಪಾತ್ರವೇನು? ಶಾಲೆಯ ವಾಟ್ಸಾಪ್ ಸಂದೇಶ ಹೆಚ್ಚಾಗಿ ಬರುವುದು ಮನೆಯ ಗಂಡಸರ ಮೊಬೈಲಿಗೆ. ಅವರು ತೋಟದಲ್ಲೋ ತಿಪಟೂರಿನ ಮಂಡಿಯಲ್ಲೋ ಇರುತ್ತಾರೆ. ಸಂದೇಶ ನಿಮಗೆ ತಲುಪುವಷ್ಟರಲ್ಲಿ ಮಗು ಮಲಗಿರುತ್ತದೆ. ನಿಮ್ಮ ನಂಬರನ್ನೂ ಶಾಲೆಗೆ ಕೊಡಿ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು ಇರಬೇಕೆಂಬುದು ಕಾಯ್ದೆಯಲ್ಲೇ ಇದೆ. ಆ ಸಭೆಗೆ ಹೋಗಿ. ಹೊಸ ಟಿ.ವಿ. ಯಾವಾಗ ಬರುತ್ತದೆಂದು ಕೇಳುವ ಮೊದಲು, ಈ ವಾರ ನನ್ನ ಮಗಳು ಎಷ್ಟು ದಿನ ನಿಮ್ಮೆದುರು ಗಟ್ಟಿಯಾಗಿ ಓದಿದಳು ಎಂದು ಕೇಳಿ. ಒಂದು ದಿನವೂ ಇಲ್ಲ ಎಂದರೆ ಟೀಚರ್ ಮೇಲೆ ರೇಗಬೇಡಿ. ಆ ವಾರ ಅವರು ಏನೇನು ತುಂಬಬೇಕಿತ್ತು, ಅದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಕೇಳಿ, ಅದನ್ನು ಸಭೆಯ ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿ ಬನ್ನಿ.