ಆಡಬಲ್ಲವರೆಲ್ಲ ಆಡಿಸಬಲ್ಲರೆ?

ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ವಲಯದಲ್ಲಿ ಬಹುಕಾಲದಿಂದ ಬೇರೂರಿರುವ ನಂಬಿಕೆಯೊಂದಿದೆ: ಆಟಗಾರರಾಗಿ ಶಿಖರಕ್ಕೇರಿದವರು ತರಬೇತುದಾರರಾಗಿ ಎಡವುತ್ತಾರೆ, ಆ ಹುದ್ದೆಗೆ ತಕ್ಕವರು ಸಾಧಾರಣ ಆಟಗಾರರು ಅಥವಾ ಆ ಮಟ್ಟದಲ್ಲಿ ಆಡದೇ ಇದ್ದವರು. ಇದಕ್ಕೆ ಉದಾಹರಣೆಗಳನ್ನು ಅರಸಿಕೊಂಡು ಹೋಗಬೇಕಾಗಿಲ್ಲ. ತರಬೇತುದಾರರಾಗಿ 11 ಪ್ರಶಸ್ತಿ ಗೆದ್ದು ದಾಖಲೆ ಸ್ಥಾಪಿಸಿದ ಫಿಲ್ ಜಾಕ್ಸನ್ ಆಟದ ದಿನಗಳಲ್ಲಿ ಬಹುಮಟ್ಟಿಗೆ ಬದಲಿ ಆಟಗಾರರಾಗಿಯೇ ಅಂಕಣಕ್ಕಿಳಿಯುತ್ತಿದ್ದವರು. ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡಕ್ಕೆ 5 ಪ್ರಶಸ್ತಿ ತಂದುಕೊಟ್ಟ ಗ್ರೆಗ್ ಪೊಪೊವಿಚ್ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡಿದವರಲ್ಲ. ಮಯಾಮಿ ಹೀಟ್ ತಂಡವನ್ನು 2012 ಮತ್ತು 2013ರಲ್ಲಿ ಚಾಂಪಿಯನ್ ಪಟ್ಟಕ್ಕೇರಿಸಿದ ಎರಿಕ್ ಸ್ಪೋಲ್‌ಸ್ಟ್ರಾ ಅದೇ ತಂಡದ ವಿಡಿಯೊ ವಿಭಾಗದಿಂದ ಮೇಲೆ ಬಂದವರು. ಇದಕ್ಕೆ ವಿರುದ್ಧವಾಗಿ, ಆಟದ ಇತಿಹಾಸದ ಅಗ್ರಮಾನ್ಯರಲ್ಲಿ ಒಬ್ಬರಾದ ಮ್ಯಾಜಿಕ್ ಜಾನ್ಸನ್ 1994ರಲ್ಲಿ ತಾವೇ ಆಡಿ ಬೆಳೆಸಿದ್ದ ಲಾಸ್ ಏಂಜಲೀಸ್ ಲೇಕರ್ಸ್ ತಂಡದ ಹೊಣೆ ಹೊತ್ತು, 16 ಪಂದ್ಯಗಳಲ್ಲಿ 5ನ್ನು ಮಾತ್ರ ಗೆದ್ದು, ಕೊನೆಯ 10 ಪಂದ್ಯಗಳನ್ನು ಒಂದರ ಹಿಂದೊಂದರಂತೆ ಸೋತು ಹಿಂದೆ ಸರಿದರು.

ಆದರೆ ಎದ್ದು ಕಾಣುವ ಕೆಲವು ಹೆಸರುಗಳ ಆಧಾರದ ಮೇಲೆ ಮಾತ್ರ ನಿಂತ ತೀರ್ಮಾನವನ್ನು ಒಪ್ಪಿಕೊಳ್ಳುವ ಮೊದಲು ಒಂದು ಸರಳ ಲೆಕ್ಕವನ್ನು ಗಮನಿಸಬೇಕು. 30 ತಂಡಗಳಲ್ಲಿ ತಲಾ 15ರಂತೆ ಸುಮಾರು 450 ಆಟಗಾರರಿರುವ ಈ ಲೀಗಿನಲ್ಲಿ, ವರ್ಷದ ಶ್ರೇಷ್ಠರನ್ನು ಆರಿಸಿ ಆಡಿಸುವ ಆಲ್‌ಸ್ಟಾರ್ ಪಂದ್ಯಕ್ಕೆ ಸಾಮಾನ್ಯವಾಗಿ ಆಯ್ಕೆಯಾಗುವವರು 24 ಮಂದಿ ಮಾತ್ರ. ಹೀಗಿರುವಾಗ ಮುಖ್ಯ ತರಬೇತುದಾರರ 30 ಹುದ್ದೆಗಳಲ್ಲಿ ದಿಗ್ಗಜರ ಸಂಖ್ಯೆ ಕಡಿಮೆಯಿರುವುದು ಅವರ ಅಸಾಮರ್ಥ್ಯದ ಕುರುಹಲ್ಲ, ದಿಗ್ಗಜರೇ ವಿರಳ ಎಂಬುದರ ಫಲ. ಜೊತೆಗೆ, ಕೋಟ್ಯಂತರ ಡಾಲರ್ ಗಳಿಸಿ ನಿವೃತ್ತರಾದವರಿಗೆ ವರ್ಷವಿಡೀ ಊರೂರು ಅಲೆಸುವ ಈ ಕೆಲಸದ ಅನಿವಾರ್ಯತೆಯೂ ಇರುವುದಿಲ್ಲ. ಅಮಾಂಡಾ ಗುಡಾಲ್, ಲಾರೆನ್ಸ್ ಕಾನ್ ಮತ್ತು ಆಂಡ್ರ್ಯೂ ಓಸ್ವಾಲ್ಡ್ ಎಂಬ ಮೂವರು ವಿದ್ವಾಂಸರು 2011ರಲ್ಲಿ ಪ್ರಕಟಿಸಿದ ಅಧ್ಯಯನವಂತೂ ಜನಪ್ರಿಯ ನಂಬಿಕೆಗೆ ನೇರವಾಗಿ ಎದುರು ನಿಲ್ಲುತ್ತದೆ. ಎನ್‌ಬಿಎ ಪಂದ್ಯಗಳ ಅಂಕಿಅಂಶಗಳನ್ನು ಪರಿಶೀಲಿಸಿದ ಅವರಿಗೆ, ಒಬ್ಬ ವ್ಯಕ್ತಿ ಆಟಗಾರನಾಗಿ ತೋರಿದ ಪ್ರತಿಭೆಗೂ ಆತ ಮುಂದೆ ತರಬೇತುದಾರನಾಗಿ ಗಳಿಸಿದ ಗೆಲುವಿನ ಪ್ರಮಾಣಕ್ಕೂ ಬಲವಾದ ಸಹಸಂಬಂಧ, ಎಂದರೆ ಎರಡೂ ಒಟ್ಟಿಗೆ ಏರುವ ಪ್ರವೃತ್ತಿ, ಕಂಡುಬಂದಿತು. ಸಹಸಂಬಂಧವು ಕಾರ್ಯಕಾರಣ ಸಂಬಂಧಕ್ಕೆ ಸಮನಲ್ಲವಾದರೂ, ಆಟದ ಒಳಗನ್ನು ಬಲ್ಲವರಿಗೆ ಅದರಿಂದ ನಷ್ಟಕ್ಕಿಂತ ಲಾಭವೇ ಹೆಚ್ಚೆಂದು ಭಾವಿಸಲು ಅದು ಎಡೆಮಾಡಿಕೊಡುತ್ತದೆ. ಆದ್ದರಿಂದ ದಿಗ್ಗಜರು ಗೆಲ್ಲುತ್ತಾರೆಯೇ ಸೋಲುತ್ತಾರೆಯೇ ಎಂಬ ಪ್ರಶ್ನೆಗಿಂತ, ಅವರ ತಿಳಿವಳಿಕೆ ಯಾವ ಸನ್ನಿವೇಶದಲ್ಲಿ ಇನ್ನೊಬ್ಬರಿಗೆ ದಾಟುತ್ತದೆ, ಯಾವ ಸನ್ನಿವೇಶದಲ್ಲಿ ದಾಟುವುದಿಲ್ಲ ಎಂಬ ಪ್ರಶ್ನೆಯೇ ಹೆಚ್ಚು ಉಪಯುಕ್ತವಾದುದು.

ತರಬೇತಿ ಎಂಬ ಒಂದೇ ಹೆಸರಿನಡಿ ಎರಡು ಭಿನ್ನ ಕೆಲಸಗಳು ಅಡಗಿವೆ. ಮುಖ್ಯ ತರಬೇತುದಾರನು 82 ಪಂದ್ಯಗಳ ದೀರ್ಘ ಋತುವಿನಲ್ಲಿ ಯಾರು ಎಷ್ಟು ನಿಮಿಷ ಆಡಬೇಕೆಂದು ನಿರ್ಧರಿಸಬೇಕು, ಎದುರಾಳಿಗೆ ತಕ್ಕ ತಂತ್ರ ಹೆಣೆಯಬೇಕು, ಸಹಾಯಕರಿಗೆ ಕೆಲಸ ಹಂಚಬೇಕು, ಅವಕಾಶ ಸಿಗದೆ ಅಸಮಾಧಾನಗೊಂಡವರನ್ನು ಸಂತೈಸಬೇಕು ಮತ್ತು ಇವೆಲ್ಲದರ ನಡುವೆ ತನಗಿಂತ ಹೆಚ್ಚು ಸಂಬಳ ಪಡೆಯುವ ತಾರೆಯರನ್ನು ಒಂದು ವ್ಯವಸ್ಥೆಯೊಳಗೆ ಹಿಡಿದಿಡಬೇಕು. ಕೌಶಲ ತರಬೇತುದಾರನ ಕೆಲಸವಾದರೋ ಒಬ್ಬ ಆಟಗಾರನ ಎದುರು ನಿಂತು ಹೆಜ್ಜೆಯಿಡುವ ಬಗೆಯನ್ನೋ ಚೆಂಡು ಎಸೆಯುವ ಬಗೆಯನ್ನೋ ತಿದ್ದುವುದಕ್ಕೆ ಸೀಮಿತವಾದುದು. ಮೊದಲನೆಯದು ಆಡಳಿತ, ಎರಡನೆಯದು ಬೋಧನೆ. ಮಹಾನ್ ಆಟಗಾರನ ಅನುಭವ ಈ ಎರಡಕ್ಕೂ ಒಂದೇ ಪ್ರಮಾಣದಲ್ಲಿ ಒದಗುವುದಿಲ್ಲ.

ಕಲಿತದ್ದನ್ನು ಕಲಿಸುವುದರ ತೊಡಕನ್ನು ಮನೋವಿಜ್ಞಾನವೂ ತತ್ತ್ವಶಾಸ್ತ್ರವೂ ಗುರುತಿಸಿವೆ. ಮನುಷ್ಯನ ಬಹುಪಾಲು ನೈಪುಣ್ಯವು ಮಾತಿಗೆ ಸಿಗದ ರೂಪದಲ್ಲಿ ಇರುತ್ತದೆ ಎಂಬ ವಿಚಾರವನ್ನು 1960ರ ದಶಕದಲ್ಲಿ ತತ್ತ್ವಚಿಂತಕ ಮೈಕೆಲ್ ಪೊಲಾನ್ಯಿ ಮಂಡಿಸಿದರು. ಇಂಥ ತಿಳಿವಳಿಕೆಯನ್ನು ಮೌನಜ್ಞಾನ ಎನ್ನಬಹುದು. 2001ರಲ್ಲಿ ಮನೋವಿಜ್ಞಾನಿಗಳಾದ ಸಿಯಾನ್ ಬೈಲಾಕ್ ಮತ್ತು ಥಾಮಸ್ ಕಾರ್ ಗಾಲ್ಫ್ ಆಟಗಾರರ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಚೆಂಡನ್ನು ಕುಳಿಗೆ ತಳ್ಳುವ ಸಾಮಾನ್ಯ ವಿಧಾನವನ್ನು ವಿವರಿಸುವಾಗ ಅನುಭವಿಗಳು ಹೊಸಬರಿಗಿಂತ ಮುಂದಿದ್ದರೂ, ಆಗಷ್ಟೇ ಹೊಡೆದ ಒಂದು ನಿರ್ದಿಷ್ಟ ಹೊಡೆತದ ವಿವರಗಳನ್ನು ನೆನಪಿಸಿಕೊಳ್ಳುವಾಗ ಅವರೇ ಹಿಂದೆ ಬಿದ್ದರು. ಅಭ್ಯಾಸ ಮಾಗಿದಂತೆ ಕ್ರಿಯೆಯು ಗಮನದ ಹಿಡಿತದಿಂದ ಬಿಡಿಸಿಕೊಂಡು ತಾನೇ ತಾನಾಗಿ ನಡೆಯತೊಡಗುವುದರಿಂದ, ಅದರ ಹಂತಗಳು ನೆನಪಿನಲ್ಲಿ ಅಷ್ಟಾಗಿ ದಾಖಲಾಗುವುದಿಲ್ಲ. ಎದುರಾಳಿಗಳ ನಡುವೆ ತೆರೆದುಕೊಳ್ಳುವ ಕಿರಿದಾದ ದಾರಿಯನ್ನು ಕ್ಷಣಾರ್ಧದಲ್ಲಿ ಕಂಡು ಚೆಂಡು ದಾಟಿಸುತ್ತಿದ್ದ ಆಟಗಾರನಿಗೆ, ಅದನ್ನು ಕಾಣದ ಯುವಕನ ಕಷ್ಟ ಕಷ್ಟವೆಂದೇ ತೋರದೆ ಸೋಮಾರಿತನವಾಗಿ ತೋರುವ ಅಪಾಯ ಇರುವುದು ಇಲ್ಲಿಯೇ. ಜಾನ್ಸನ್ ತಮ್ಮ ಅಲ್ಪಾವಧಿಯಲ್ಲಿ ಹೆಚ್ಚಾಗಿ ದೂರಿದ್ದು ಹೊಸ ತಲೆಮಾರಿನ ಆಟಗಾರರ ಬದ್ಧತೆಯ ಕೊರತೆಯನ್ನೇ ಎಂಬುದು ಗಮನಾರ್ಹ.

ಇನ್ನೊಬ್ಬ ದಿಗ್ಗಜ ಆಟಗಾರ ಬಿಲ್ ರಸೆಲ್ ಅವರ ವೃತ್ತಿಜೀವನ ಇದೇ ಪ್ರಶ್ನೆಯ ಎರಡು ಮುಖಗಳನ್ನೂ ತೋರಿಸುತ್ತದೆ. 1966ರಲ್ಲಿ ಬಾಸ್ಟನ್ ಸೆಲ್ಟಿಕ್ಸ್ ತಂಡದ ಆಟಗಾರ ಹಾಗೂ ತರಬೇತುದಾರರಾಗಿ ನೇಮಕಗೊಂಡು, ಎನ್‌ಬಿಎಯ ಮೊದಲ ಕಪ್ಪುವರ್ಣೀಯ ಮುಖ್ಯ ತರಬೇತುದಾರರೆನಿಸಿದ ಅವರು 1968 ಮತ್ತು 1969ರಲ್ಲಿ ಪ್ರಶಸ್ತಿ ಗೆದ್ದರು. ಆಗ ಅವರ ಆಜ್ಞೆಯನ್ನು ಅಂಕಣದಲ್ಲಿ ಜಾರಿಗೊಳಿಸುತ್ತಿದ್ದವರು ಅವರೇ. ವರ್ಷಗಳ ಕಾಲ ಜೊತೆಗೆ ಆಡಿದ ಸಂಗಾತಿಗಳಿಗೆ ವಿವರಣೆಯ ಅಗತ್ಯವೂ ಅಷ್ಟಾಗಿ ಇರಲಿಲ್ಲ. ಅಂಕಣದ ಹೊರಗೆ ನಿಂತು 1973ರಿಂದ 1977ರವರೆಗೆ ಸಿಯಾಟಲ್ ತಂಡವನ್ನು ನಡೆಸಿದಾಗ, ಅದನ್ನು ಮೊದಲ ಬಾರಿಗೆ ಪ್ಲೇಆಫ್ ಎಂಬ ಅಂತಿಮ ಸುತ್ತುಗಳಿಗೆ ಕೊಂಡೊಯ್ದರೂ ಪ್ರಶಸ್ತಿ ಕೈಗೂಡಲಿಲ್ಲ. 1987ರಲ್ಲಿ ಹೊಣೆ ವಹಿಸಿಕೊಂಡ ಸ್ಯಾಕ್ರಮೆಂಟೊ ತಂಡದಲ್ಲಿ 17 ಗೆಲುವು ಮತ್ತು 41 ಸೋಲುಗಳ ಬಳಿಕ ಹುದ್ದೆಯನ್ನೇ ಬಿಡಬೇಕಾಯಿತು.

ಅದೇ ಸಿಯಾಟಲ್ ತಂಡವನ್ನು 1977ರ ಋತುವಿನ ನಡುವೆ 5 ಗೆಲುವು, 17 ಸೋಲುಗಳ ಸ್ಥಿತಿಯಲ್ಲಿ ಕೈಗೆತ್ತಿಕೊಂಡ ಲೆನಿ ವಿಲ್ಕನ್ಸ್, ಆ ಋತುವಿನಲ್ಲೇ ಫೈನಲ್ ತಲುಪಿಸಿ 1979ರಲ್ಲಿ ಚಾಂಪಿಯನ್ ಮಾಡಿದರು. ವಿಲ್ಕನ್ಸ್ ಕೂಡ 9 ಬಾರಿ ಆಲ್‌ಸ್ಟಾರ್ ಆಗಿದ್ದ ಶ್ರೇಷ್ಠ ಆಟಗಾರರೇ; ಆದರೆ ಅವರು ಪಾಯಿಂಟ್ ಗಾರ್ಡ್ ಆಗಿದ್ದರು, ಎಂದರೆ ಚೆಂಡನ್ನು ಮುಂದಕ್ಕೆ ಒಯ್ದು ಉಳಿದ ನಾಲ್ವರಿಗೂ ಜಾಗ ತೋರಿಸಿ ಆಟವನ್ನು ಹೊಂದಿಸುವ ಸ್ಥಾನದಲ್ಲಿದ್ದವರು. ತನ್ನ ಚಲನೆಯ ಜೊತೆಗೆ ಇತರರ ಚಲನೆಯನ್ನೂ ಪ್ರತಿಕ್ಷಣ ಲೆಕ್ಕ ಹಾಕುವ ಈ ಸ್ಥಾನದ ಅಭ್ಯಾಸ ತರಬೇತಿಗೆ ಹತ್ತಿರವಾದುದು. 1,332 ಗೆಲುವುಗಳನ್ನು ಗಳಿಸಿದ ವಿಲ್ಕನ್ಸ್ ಆಟಗಾರರಾಗಿ 1989ರಲ್ಲೂ ತರಬೇತುದಾರರಾಗಿ 1998ರಲ್ಲೂ ಬ್ಯಾಸ್ಕೆಟ್‌ಬಾಲ್‌ನ ಗೌರವಪೀಠವಾದ ಹಾಲ್ ಆಫ್ ಫೇಮ್‌ಗೆ ಸೇರಿದರು. ಆದರೂ ಸ್ಥಾನವೊಂದೇ ಎಲ್ಲವನ್ನೂ ನಿರ್ಧರಿಸುವುದಿಲ್ಲ. ಜಾನ್ಸನ್ ಕೂಡ ಪಾಯಿಂಟ್ ಗಾರ್ಡ್ ಆಗಿದ್ದವರೇ.

ತಮಗೆ ಗೊತ್ತಿಲ್ಲದ್ದನ್ನು ಒಪ್ಪಿಕೊಂಡು ಕೆಲಸ ಹಂಚಿದವರ ಯಶಸ್ಸು ಇನ್ನೂ ಸ್ಪಷ್ಟವಾಗಿದೆ. ಲ್ಯಾರಿ ಬರ್ಡ್ 1997ರಲ್ಲಿ ಇಂಡಿಯಾನಾ ಪೇಸರ್ಸ್ ತಂಡಕ್ಕೆ ಬಂದಾಗ ಅವರಿಗೆ ತರಬೇತಿಯ ಅನುಭವವೇ ಇರಲಿಲ್ಲ. ಆಕ್ರಮಣದ ಯೋಜನೆಯನ್ನು ರಿಕ್ ಕಾರ್ಲೈಲ್ ಅವರಿಗೂ ರಕ್ಷಣೆಯ ಯೋಜನೆಯನ್ನು ಡಿಕ್ ಹಾರ್ಟರ್ ಅವರಿಗೂ ವಹಿಸಿ, ತಂಡದ ಶಿಸ್ತು, ದೈಹಿಕ ಸಿದ್ಧತೆ ಮತ್ತು ಅಂತಿಮ ನಿರ್ಧಾರಗಳನ್ನು ತಮ್ಮಲ್ಲಿ ಇರಿಸಿಕೊಂಡರು. ಹಿಂದಿನ ಋತುವಿನಲ್ಲಿ 39 ಪಂದ್ಯ ಗೆದ್ದಿದ್ದ ತಂಡ ಮೊದಲ ವರ್ಷವೇ 58 ಗೆದ್ದಿತು, ಬರ್ಡ್ ವರ್ಷದ ತರಬೇತುದಾರ ಪುರಸ್ಕಾರ ಪಡೆದರು, 2000ದಲ್ಲಿ ತಂಡ ಫೈನಲ್‌ವರೆಗೂ ಸಾಗಿತು. ಒಬ್ಬ ತರಬೇತುದಾರನ ಮಾತಿಗೆ ಮೂರು ವರ್ಷಗಳಾಚೆ ಆಟಗಾರರು ಕಿವಿಗೊಡುವುದಿಲ್ಲವೆಂದು ನಂಬಿದ್ದ ಅವರು ಅಲ್ಲಿಗೇ ನಿಲ್ಲಿಸಿದರು. 2014ರಲ್ಲಿ ಇದೇ ಬಗೆಯಲ್ಲಿ ಅನುಭವವಿಲ್ಲದೆ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡಕ್ಕೆ ಬಂದ ಸ್ಟೀವ್ ಕರ್ ಅವರೂ ಆಲ್ವಿನ್ ಜೆಂಟ್ರಿ ಮತ್ತು ರಾನ್ ಆಡಮ್ಸ್ ಎಂಬ ಹಿರಿಯ ಸಹಾಯಕರನ್ನು ಜೊತೆಗಿರಿಸಿಕೊಂಡು ಮೊದಲ ಋತುವಿನಲ್ಲೇ ಪ್ರಶಸ್ತಿ ಗೆದ್ದರು. ಬರ್ಡ್ ದಿಗ್ಗಜ ಆಟಗಾರ, ಕರ್ ಬದಲಿ ಆಟಗಾರರಾಗಿ ಹೆಸರಾದವರು. ಆದರೆ ಇಬ್ಬರ ಮಾರ್ಗವೂ ಒಂದೇ ಆಗಿರುವುದನ್ನು ನೋಡಿದರೆ, ಯಶಸ್ಸಿನ ಕಾರಣವನ್ನು ಕೀರ್ತಿಯ ಅಳತೆಯಲ್ಲಿ ಹುಡುಕುವುದು ವ್ಯರ್ಥವೆನಿಸುತ್ತದೆ. ಸಾಧಾರಣ ಆಟಗಾರರಿಗೆ ಇರುವ ನಿಜವಾದ ಅನುಕೂಲವೆಂದರೆ ಹೊರಗಿನಿಂದ ನೋಡುವ ಅವಕಾಶ. ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಯಿಂದಾಗಿ 1969–70ರ ಋತುವಿಡೀ ಆಡಲಾಗದ ಜಾಕ್ಸನ್, ನ್ಯೂಯಾರ್ಕ್ ನಿಕ್ಸ್ ತಂಡದ ತರಬೇತುದಾರ ರೆಡ್ ಹೋಲ್ಜ್‌ಮನ್ ಅವರ ಬಳಿಯಿದ್ದು ಆಟವನ್ನು ಅವರ ಕಣ್ಣಿನಿಂದ ನೋಡಲು ಕಲಿತರು. ಪ್ರತಿ ಪಂದ್ಯವನ್ನೂ ಬಹುಪಾಲು ಆಡುವ ತಾರೆಗೆ ಈ ದೂರ ದಕ್ಕುವುದಿಲ್ಲ. ನಿವೃತ್ತಿಯ ನಂತರ ಅದನ್ನು ಪ್ರಯತ್ನಪೂರ್ವಕವಾಗಿ ಗಳಿಸಿಕೊಳ್ಳಬೇಕಾಗುತ್ತದೆ.

2013ರಲ್ಲಿ ಆಟ ಬಿಟ್ಟ ಕೆಲವೇ ದಿನಗಳಲ್ಲಿ ಬ್ರೂಕ್ಲಿನ್ ನೆಟ್ಸ್ ತಂಡದ ಮುಖ್ಯ ತರಬೇತುದಾರರಾದ ಜೇಸನ್ ಕಿಡ್ ಅವರ ನಡೆ ಈ ಗಳಿಕೆಯ ಉದಾಹರಣೆಯಾಗಿದೆ. ಹಿರಿಯ ಸಹಾಯಕ ಲಾರೆನ್ಸ್ ಫ್ರಾಂಕ್ ಅವರೊಂದಿಗೆ ಆರಂಭದಲ್ಲೇ ಮುನಿಸು ಉಂಟಾಗಿ, ಒಂದೇ ಋತುವಿನಲ್ಲಿ ಆ ತಂಡವನ್ನು ತೊರೆದ ಕಿಡ್, ಬಳಿಕ ಮಿಲ್ವಾಕಿಯಲ್ಲಿ ಮುಖ್ಯ ತರಬೇತುದಾರರಾಗಿದ್ದು, ಅಲ್ಲಿಂದ ಹೊರಬಂದ ಮೇಲೆ ಒಂದು ಮೆಟ್ಟಿಲು ಕೆಳಗಿಳಿದು ಲೇಕರ್ಸ್ ತಂಡದಲ್ಲಿ ಸಹಾಯಕರಾಗಿ ದುಡಿದರು. 2021ರಲ್ಲಿ ಡಲ್ಲಾಸ್ ಮ್ಯಾವರಿಕ್ಸ್ ತಂಡಕ್ಕೆ ಬಂದು 2024ರಲ್ಲಿ ಅದನ್ನು ಫೈನಲ್ ತಲುಪಿಸಿದರು.

ಸಹಾಯಕ ಹುದ್ದೆಯ ಅನುಭವವಿದ್ದರೆ ಸಾಕು ಎಂದೂ ಹೇಳುವಂತಿಲ್ಲ. ಬುಟ್ಟಿಯ ಸಮೀಪ ಆಡುವ ಎತ್ತರದ ಆಟಗಾರರನ್ನು ಸೆಂಟರ್ ಎನ್ನುತ್ತಾರೆ. ಆ ಸ್ಥಾನದ ಮಹಾನ್ ಆಟಗಾರ ಪ್ಯಾಟ್ರಿಕ್ ಯೂಯಿಂಗ್ ಹಲವು ಎನ್‌ಬಿಎ ತಂಡಗಳಲ್ಲಿ ದೀರ್ಘಕಾಲ ಸಹಾಯಕರಾಗಿದ್ದು ಯಾವೊ ಮಿಂಗ್, ಡ್ವೈಟ್ ಹಾವರ್ಡ್ ಮುಂತಾದವರೊಂದಿಗೆ ಕೆಲಸ ಮಾಡಿದರೂ, 2017ರಿಂದ 2023ರವರೆಗೆ ತಾವು ಓದಿದ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ತಂಡವನ್ನು ನಡೆಸಿದಾಗ 75 ಗೆಲುವುಗಳಿಗೆ ಎದುರಾಗಿ 109 ಸೋಲುಗಳನ್ನು ಕಂಡರು. ಸೆಂಟರ್‌ಗಳಿಗೆ ಬೋಧಿಸುವುದೂ ಇಡೀ ತಂಡವನ್ನು ಕಟ್ಟುವುದೂ ಬೇರೆ ಬೇರೆ ಎಂಬ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು.

ಬೋಧನೆಗಷ್ಟೇ ಸೀಮಿತವಾದಾಗ ದಿಗ್ಗಜರ ಕೈಗುಣ ಚೆನ್ನಾಗಿ ಫಲಿಸುತ್ತದೆ. ನೈಜೀರಿಯಾದ ಲಾಗೋಸ್‌ನಲ್ಲಿ ಫುಟ್‌ಬಾಲ್ ಮತ್ತು ಹ್ಯಾಂಡ್‌ಬಾಲ್ ಆಡಿ ಬೆಳೆದು, 1994 ಮತ್ತು 1995ರಲ್ಲಿ ಹ್ಯೂಸ್ಟನ್ ರಾಕೆಟ್ಸ್ ತಂಡವನ್ನು ಗೆಲ್ಲಿಸಿದ ಹಕೀಮ್ ಒಲಾಜುವಾನ್, ಬುಟ್ಟಿಗೆ ಬೆನ್ನು ಮಾಡಿ ನಿಂತು ಭುಜ ಮತ್ತು ಪಾದಗಳ ಚಲನೆಯಿಂದ ಎದುರಾಳಿಯನ್ನು ಯಾಮಾರಿಸುವ ಕಲೆಗೆ ಹೆಸರಾದವರು. ನಿವೃತ್ತಿಯ ನಂತರ ಕೋಬಿ ಬ್ರ್ಯಾಂಟ್ ಸೇರಿದಂತೆ ಹಲವರು ಈ ಕಲೆಯನ್ನು ಕಲಿಯಲು ಅವರ ಬಳಿಗೆ ಹೋದರು. 2011ರ ಫೈನಲ್‌ನಲ್ಲಿ ಡಲ್ಲಾಸ್ ಎದುರು ಸೋತ ಲೆಬ್ರಾನ್ ಜೇಮ್ಸ್ ಅದೇ ಬೇಸಿಗೆಯಲ್ಲಿ ಹ್ಯೂಸ್ಟನ್‌ಗೆ ತೆರಳಿ ಅವರೊಂದಿಗೆ ಅಭ್ಯಾಸ ಮಾಡಿದರು. ಜೇಮ್ಸ್ ಆಡುತ್ತಿದ್ದ ಮಯಾಮಿ ತಂಡದ 2012ರ ಪ್ರಶಸ್ತಿಗೆ ಆ ಅಭ್ಯಾಸವೊಂದೇ ಕಾರಣವೆನ್ನಲಾಗದಿದ್ದರೂ, ಬುಟ್ಟಿಯ ಸಮೀಪದ ಅವರ ಆಟ ಬಲಗೊಂಡಿತ್ತು. ಇಂಥ ಸನ್ನಿವೇಶದಲ್ಲಿ ಮೌನಜ್ಞಾನದ ತೊಡಕು ಬಹಳಷ್ಟು ಕರಗುತ್ತದೆ. ಮಾತಿನಲ್ಲಿ ಹೇಳಲಾಗದ್ದನ್ನು ಗುರು ಮಾಡಿ ತೋರಿಸಬಹುದು, ಕಲಿಯುವವನೂ ಬಹುತೇಕ ಅದೇ ಎತ್ತರದ ಪ್ರತಿಭೆಯವನಾಗಿರುವುದರಿಂದ ನೋಡಿಯೇ ಹಿಡಿಯಬಲ್ಲ.

ಕಾಲಮಾನದ ಅಂತರವನ್ನೂ ಇಲ್ಲಿ ಪರಿಗಣಿಸಬೇಕು. ದೂರದ ಗೆರೆಯಾಚೆಯಿಂದ ಹಾಕಿದ ಬುಟ್ಟಿಗೆ 3 ಅಂಕ ನೀಡುವ ನಿಯಮ ಎನ್‌ಬಿಎಗೆ ಬಂದದ್ದು 1979–80ರಲ್ಲಿ. ಆ ಋತುವಿನಲ್ಲಿ ಒಂದು ತಂಡ ಪಂದ್ಯವೊಂದಕ್ಕೆ ಸರಾಸರಿ 3ಕ್ಕಿಂತ ಕಡಿಮೆ ಬಾರಿ ಅಂಥ ಎಸೆತಕ್ಕೆ ಯತ್ನಿಸುತ್ತಿತ್ತು, ಈಚಿನ ಋತುಗಳಲ್ಲಿ ಅದು 35ನ್ನು ದಾಟಿದೆ. ಸೆಂಟರ್‌ಗಳೂ ದೂರದಿಂದ ಎಸೆಯುವ ಈ ಆಟದಲ್ಲಿ ಹಿಂದಿನವರ ತಂತ್ರಗಳು ನೇರವಾಗಿ ಹೊಂದುವುದಿಲ್ಲ. ದೊಡ್ಡ ಹೆಸರು ಮೊದಲ ದಿನ ಗೌರವವನ್ನು ದೊರಕಿಸಿಕೊಡುತ್ತದೆಯಾದರೂ, ಈ ಹೊತ್ತಿನ ಆಟಕ್ಕೆ ಬೇಕಾದುದನ್ನು ಹೇಳಿಕೊಡಲಾಗದಿದ್ದರೆ ಆ ಗೌರವ ಬಹುಕಾಲ ಬಾಳುವುದಿಲ್ಲ.

ಒಟ್ಟಿನಲ್ಲಿ ಹೇಳುವುದಾದರೆ, ಶ್ರೇಷ್ಠ ಆಟವು ತರಬೇತಿಗೆ ಅಡ್ಡಿಯೂ ಅಲ್ಲ, ಅರ್ಹತಾಪತ್ರವೂ ಅಲ್ಲ, ಅದೊಂದು ಮೂಲಧನ. ದಿಗ್ಗಜರೊಬ್ಬರನ್ನು ನೇಮಿಸಿಕೊಳ್ಳುವ ತಂಡ ಕೇಳಬೇಕಾದ ಪ್ರಶ್ನೆಗಳು ಅವರ ಹಳೆಯ ಅಂಕಗಳಿಗೆ ಸಂಬಂಧಿಸಿದವಲ್ಲ: ತಮ್ಮ ನೈಪುಣ್ಯವನ್ನು ಬಿಡಿಸಿ ಹೇಳುವ ತಾಳ್ಮೆ ಅವರಿಗಿದೆಯೇ, ತಮಗಿಂತ ಬಲ್ಲ ಸಹಾಯಕರ ಮಾತಿಗೆ ಮಣಿಯುವರೇ, ತಮ್ಮಷ್ಟು ಪ್ರತಿಭೆಯಿಲ್ಲದ ಹನ್ನೆರಡನೆಯ ಆಟಗಾರನ ಏಳಿಗೆಯಲ್ಲೂ ಆಸಕ್ತಿ ವಹಿಸುವರೇ ಎಂಬುದನ್ನು ಮೊದಲು ವಿಚಾರಿಸಬೇಕು. ಇವಕ್ಕೆ ಹೌದೆಂಬ ಉತ್ತರ ಸಿಗದಿದ್ದಲ್ಲಿ, ಅವರನ್ನು ಮುಖ್ಯ ಪೀಠದಲ್ಲಿ ಕೂರಿಸುವ ಬದಲು ಅವರು ಬಲ್ಲ ಒಂದು ವಿದ್ಯೆಯನ್ನು ಕಲಿಯಬಲ್ಲ ಕೆಲವರಿಗೆ ಕಲಿಸಲು ಬಿಡುವುದೇ ಆಟಗಾರರಿಗೂ ತಂಡಕ್ಕೂ ಆ ದಿಗ್ಗಜರ ಹೆಸರಿಗೂ ಹಿತಕರ.