ಜುಲು ನಾಡಿನ ಕಡಲ ತಡಿಯಲ್ಲಿ

ಭೂಪಟವನ್ನು ಎದುರಿಗೆ ಹರಡಿಕೊಂಡರೆ ಕುಳಿತಲ್ಲಿಂದಲೇ ದೇಶಸಂಚಾರ ಮಾಡಬಹುದು. ಈ ಸಲ ನಾವು ದಕ್ಷಿಣ ಆಫ್ರಿಕದ ಪೂರ್ವ ಕರಾವಳಿಯ ಕ್ವಾಜುಲು-ನಟಾಲ್ ಪ್ರಾಂತಕ್ಕೆ ಹೋಗಿ, ಡರ್ಬನ್ ನಗರದಿಂದ ಉತ್ತರಕ್ಕೆ ಸಾಗೋಣ. 'ಕ್ವಾಜುಲು' ಎಂದರೆ ಜುಲು ಜನರ ನೆಲೆ.

ಡರ್ಬನ್ ಸಮಭಾಜಕ ವೃತ್ತದಿಂದ ಸುಮಾರು 30 ಡಿಗ್ರಿ ದಕ್ಷಿಣಕ್ಕಿದೆ. ಆದರೂ ಅಲ್ಲಿ ಚಳಿಗಾಲ ಹಿತವಾಗಿರುತ್ತದೆ. ಉಷ್ಣವಲಯದಿಂದ ತೀರದುದ್ದಕ್ಕೂ ಹರಿದುಬರುವ ಅಗುಲ್ಹಾಸ್ ಎಂಬ ಬೆಚ್ಚನೆಯ ಸಾಗರಪ್ರವಾಹ ಇದಕ್ಕೆ ಮುಖ್ಯ ಕಾರಣ. ಈ ಹವೆ ಕಬ್ಬಿಗೆ ಒಗ್ಗುತ್ತದೆ. 1860ರಿಂದ 1911ರವರೆಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ಕರಾರಿನ ಕೂಲಿಗಳಾಗಿ ಹಡಗುಗಳಲ್ಲಿ ಇಲ್ಲಿಗೆ ಕರೆತಂದರು. ಬಹುಮಂದಿ ದುಡಿದದ್ದು ಕಬ್ಬಿನ ತೋಟಗಳಲ್ಲಿ. ಅವರ ಸಂತತಿಯವರು ಇಂದಿಗೂ ಅಲ್ಲಿದ್ದಾರೆ.

ಮುಂದೆ ಸಿಗುವುದು ಕ್ವಾದುಕುಜ ಪಟ್ಟಣ. ಜುಲು ರಾಜ್ಯವನ್ನು ಕಟ್ಟಿದ ಶಾಕಾ ದೊರೆಯ ರಾಜಧಾನಿ ಇಲ್ಲಿತ್ತು. 1828ರಲ್ಲಿ ಅವನ ಮಲಸಹೋದರರೇ ಅವನನ್ನು ಕೊಂದರು. ಬಿಳಿಯರು ಊರಿಗೆ ಸ್ಟ್ಯಾಂಗರ್ ಎಂದು ಹೆಸರಿಟ್ಟಿದ್ದರು. ಈಗ ಹಳೆಯ ಹೆಸರೇ ಮರಳಿದೆ.

ಇನ್ನೂ ಉತ್ತರಕ್ಕೆ ಇಸಿಮಂಗಲಿಸೊ ಎಂಬ ರಕ್ಷಿತ ಪ್ರದೇಶ. ಜುಲು ಭಾಷೆಯಲ್ಲಿ ಇದರರ್ಥ 'ಅದ್ಭುತ'. ಇಲ್ಲಿನ ಸೇಂಟ್ ಲೂಸಿಯಾ ಸರೋವರದಲ್ಲಿ ಸಿಹಿನೀರೂ ಉಪ್ಪುನೀರೂ ಬೆರೆಯುತ್ತವೆ. ನೀರುಕುದುರೆಗಳೂ ಮೊಸಳೆಗಳೂ ಅಲ್ಲಿ ವಾಸಿಸುತ್ತವೆ. ಬೇಸಗೆಯಲ್ಲಿ, ಎಂದರೆ ನವೆಂಬರದಿಂದ ಜನವರಿಯವರೆಗೆ, ಕಡಲಾಮೆಗಳು ರಾತ್ರಿ ದಡವೇರಿ ಮರಳಿನಲ್ಲಿ ಮೊಟ್ಟೆಯಿಡುತ್ತವೆ.

ಸರೋವರಕ್ಕೂ ಕಡಲಿಗೂ ನಡುವೆ ಕಾಡು ಬೆಳೆದ ಎತ್ತರದ ಮರಳದಿಬ್ಬಗಳಿವೆ. ಆ ಮರಳಿನಲ್ಲಿ ಬೆಲೆಬಾಳುವ ಟೈಟಾನಿಯಂ ಖನಿಜವಿದೆ. ಅಗೆದರೆ ಹಣ ಬಂದೀತು, ಕೆಲಸವೂ ಸಿಕ್ಕೀತು. ಆದರೆ ದಿಬ್ಬದ ಕಾಡು ಉಳಿದೀತೆ? ಬಹಳ ಚರ್ಚೆಯಾದ ಮೇಲೆ 1996ರಲ್ಲಿ ಅಲ್ಲಿನ ಸರಕಾರ ಗಣಿ ಬೇಡವೆಂದು ತೀರ್ಮಾನಿಸಿತು. 1999ರಲ್ಲಿ ಈ ಪ್ರದೇಶ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಇಷ್ಟಕ್ಕೇ ಎಲ್ಲವೂ ಸರಿಹೋಯಿತೆನ್ನಲಾಗದು. ಕಾಡಿನ ಹೆಸರಿನಲ್ಲಿ ಹಿಂದೆ ಇಲ್ಲಿಂದ ಒಕ್ಕಲೆಬ್ಬಿಸಿದ ಕುಟುಂಬಗಳಿಗೂ ಈ ನೆಲದ ಮೇಲೆ ಹಕ್ಕಿದೆ. ಅವರನ್ನು ಮರೆತು ಆಮೆಯನ್ನಷ್ಟೇ ಕಾಯುವುದು ಅರ್ಧ ನ್ಯಾಯ.

ನಮ್ಮ ದಾರಿಯ ಕೊನೆ, ಮೊಜಾಂಬಿಕ್ ಗಡಿಯ ಕೋಸಿ ಕೊಲ್ಲಿ. ಇಲ್ಲಿನ ಜನ ಅಳಿವೆಯ ತೆಳುನೀರಿನಲ್ಲಿ ಕೋಲುಗಳನ್ನು ನೆಟ್ಟು, ಬೇಲಿ ಕಟ್ಟಿ, ಮೀನು ಹಿಡಿಯುತ್ತಾರೆ. ತಂದೆಯಿಂದ ಮಗನಿಗೆ ಬಂದ ವಿದ್ಯೆಯಿದು. ದೊಡ್ಡ ಮೀನು ಬೇಲಿಯೊಳಗೆ ಸಿಲುಕುತ್ತದೆ. ಮರಿಗಳು ಕೋಲುಗಳ ಸಂದಿಯಿಂದ ನುಸುಳಿ ಕಡಲು ಸೇರುತ್ತವೆ. ನಾಳೆಗೂ ಮೀನು ಬೇಕೆಂದು ಬಲ್ಲವರು ಕಟ್ಟಿದ ಬೇಲಿಯದು.