ಹತ್ತನೇ ನಂಬರಿನ ಕಾವಲುಗಾರ

2008ರ ಫೆಬ್ರುವರಿ 23ರಂದು ಬರ್ಮಿಂಗ್‌ಹ್ಯಾಮ್‌ನ ಸೇಂಟ್ ಆಂಡ್ರ್ಯೂಸ್ ಮೈದಾನದಲ್ಲಿ ನಡೆದ ಆರ್ಸೆನಲ್–ಬರ್ಮಿಂಗ್‌ಹ್ಯಾಮ್ ಲೀಗ್ ಪಂದ್ಯದ ಪೂರ್ತಿ ವಿಡಿಯೊ ಈಚೆಗೆ ನೋಡಲು ಸಿಕ್ಕಿತು. ಅಂದು ಆರ್ಸೆನಲ್ ನಾಯಕ ವಿಲಿಯಂ ಗಲಾಸ್ ಮೈದಾನದಲ್ಲೇ ಕುಳಿತುಬಿಟ್ಟ ಚಿತ್ರವನ್ನು ಫುಟ್‌ಬಾಲ್ ಪ್ರಿಯರೆಲ್ಲ ಕಂಡಿದ್ದಾರೆ. ಅದಕ್ಕೂ ಮುಂಚಿನ ತೊಂಬತ್ತು ನಿಮಿಷವನ್ನು ನೋಡಿದರೆ ಆತನನ್ನು ಹಳಿಯಲು ಮನಸ್ಸೇ ಬರುವುದಿಲ್ಲ.

ಆಟ ಶುರುವಾಗುತ್ತಲೇ ಆರ್ಸೆನಲ್ ಆಟಗಾರ ಎಡ್ವರ್ಡೊನ ಕಾಲು ಮುರಿಯಿತು. ಜೊತೆಗಾರರ ಮುಖ ನೋಡುವಂತಿರಲಿಲ್ಲ. ಆದರೂ ವಾಲ್ಕಾಟ್‌ನ ಎರಡು ಗೋಲುಗಳಿಂದ ಆರ್ಸೆನಲ್ 2–1 ಮುಂದಿತ್ತು. ಕೊನೆಯ ಕ್ಷಣದಲ್ಲಿ ಜೊತೆಗಾರ ಕ್ಲಿಶಿಯ ತಪ್ಪಿಗೆ ಎದುರಾಳಿಗೆ ಪೆನಾಲ್ಟಿ. ಬರ್ಮಿಂಗ್‌ಹ್ಯಾಮ್‌ನ ಮೆಕ್‌ಫ್ಯಾಡನ್ ಅದನ್ನು ಒದೆಯುವಾಗ ಗಲಾಸ್ ಮೈದಾನದ ಇನ್ನೊಂದು ತುದಿಗೆ ನಡೆದುಹೋಗಿದ್ದ. ಪಂದ್ಯ 2–2. ಸೀಟಿ ಊದಿದ ಮೇಲೂ ಅಲ್ಲೇ ಕುಳಿತವನನ್ನು ಕೋಚ್ ವೆಂಗರ್ ಹೋಗಿ ಮಾತನಾಡಿಸಬೇಕಾಯಿತು. ಲೀಗ್‌ನಲ್ಲಿ ಐದು ಅಂಕಗಳಿದ್ದ ಮುನ್ನಡೆ ಮೂರಕ್ಕಿಳಿಯಿತು. ಋತುವಿನ ಕೊನೆಗೆ ತಂಡ ಮ್ಯಾಂಚೆಸ್ಟರ್ ಯುನೈಟೆಡ್‌ಗಿಂತ ನಾಲ್ಕು ಅಂಕ ಹಿಂದುಳಿದು ಮೂರನೆಯದಾಯಿತು. ಅದರ ಹೊಣೆಯನ್ನೆಲ್ಲ ಆ ಕುಳಿತ ಭಂಗಿಯ ಮೇಲೆ ಹೊರಿಸಿದ್ದು ಅನ್ಯಾಯ.

ಆ ವಿಡಿಯೊದಲ್ಲಿ ನನ್ನ ಕಣ್ಣು ಮತ್ತೆ ಮತ್ತೆ ಹೋದದ್ದು ಗಲಾಸ್‌ನ ಬೆನ್ನಿನ ಕಡೆಗೆ. ಸೆಂಟರ್ ಬ್ಯಾಕ್ ಆಟಗಾರನಿಗೆ ಹತ್ತನೇ ನಂಬರು! ಪೆಲೆ, ಮರಡೋನಾ, ಜಿದಾನ್ ತೊಟ್ಟ ನಂಬರದು. ಆರ್ಸೆನಲ್‌ನಲ್ಲಿ ಅದು ಡೆನ್ನಿಸ್ ಬರ್ಗ್‌ಕ್ಯಾಂಪ್‌ನದಾಗಿತ್ತು. 2006ರಲ್ಲಿ ಆತ ನಿವೃತ್ತನಾದಾಗ, ಮುಂಚೂಣಿ ಆಟಗಾರನಿಗೆ ಅದನ್ನು ಕೊಟ್ಟರೆ ಹೋಲಿಕೆಯ ಭಾರ ಬೀಳುತ್ತದೆಂದು ವೆಂಗರ್ ಡಿಫೆಂಡರ್ ಗಲಾಸ್‌ಗೆ ಕೊಟ್ಟರು. ದ್ವಾರಪಾಲಕನಿಗೆ ಉತ್ಸವಮೂರ್ತಿಯ ಕಿರೀಟ ತೊಡಿಸಿದ ಹಾಗೆ. ತರ್ಕ ಒಪ್ಪುವಂಥದ್ದೇ, ಆದರೆ ಆ ನಂಬರು ಎಲ್ಲರ ಕಣ್ಣನ್ನೂ ಆತನ ಮೇಲೆ ನೆಡಿಸಿತು ಎಂಬುದು ನನ್ನ ಗಟ್ಟಿ ಅನಿಸಿಕೆ. ಐದೋ ಆರೋ ಇದ್ದಿದ್ದರೆ ಆತನ ಸಿಟ್ಟು ಇಷ್ಟು ಸುದ್ದಿಯಾಗುತ್ತಿರಲಿಲ್ಲ. ಆತನೂ ಕೆಲವೊಮ್ಮೆ ಹತ್ತರಂತೆಯೇ ಆಡಿದ: 2007ರ ನವೆಂಬರ್‌ನಲ್ಲಿ ಯುನೈಟೆಡ್ ವಿರುದ್ಧ ರೂನಿ ಒದೆದ ಚೆಂಡು ತನಗೇ ತಗುಲಿ ಸ್ವಂತ ಬಲೆ ಸೇರಿದ ಪಂದ್ಯದಲ್ಲಿ, ಕೊನೆಗಳಿಗೆಯ ಸಮಬಲದ ಗೋಲು ಹೊಡೆದವನೂ ಇವನೇ. ಮರುತಿಂಗಳು ಚೆಲ್ಸಿ ವಿರುದ್ಧ 1–0 ಗೆಲುವಿನ ಗೋಲೂ ಇವನದೇ.

ಚೆಲ್ಸಿ ಆತನ ಹಳೆಯ ಮನೆ. 2001ರಲ್ಲಿ ಮಾರ್ಸೆಯಿಂದ ಬಂದು 13ನೇ ನಂಬರಿನಲ್ಲಿ ಬಲಕ್ಕೆ, ಎಡಕ್ಕೆ, ನಡುವಿಗೆ ಹೇಳಿದಲ್ಲೆಲ್ಲ ಆಡಿದ. 2004–05ರ ಲೀಗ್‌ನಲ್ಲಿ ಆ ತಂಡ ಬಿಟ್ಟುಕೊಟ್ಟದ್ದು ಬರೀ 15 ಗೋಲು. ಎರಡು ಲೀಗ್ ಪ್ರಶಸ್ತಿ ಗೆದ್ದ ಮೇಲೆ, 2006ರಲ್ಲಿ ಆತನ 13 ಹೊಸದಾಗಿ ಬಂದ ಬಾಲಾಕ್ ಪಾಲಾಯಿತು, ಗಲಾಸ್ ಅಲ್ಲಿನ ಆಶ್ಲಿ ಕೋಲ್ ಜೊತೆಗಿನ ವಿನಿಮಯದಲ್ಲಿ ಆರ್ಸೆನಲ್‌ಗೆ ಹೋದ. ತನ್ನನ್ನು ಬಿಡದಿದ್ದರೆ ಸ್ವಂತ ಬಲೆಗೆ ಗೋಲು ಹೊಡೆಯುವೆನೆಂದು ಬೆದರಿಸಿದ್ದ ಎಂದು ಚೆಲ್ಸಿ ದೂರಿತು, ಆತ ಅಲ್ಲಗಳೆದ. ಆತನ ಆಟ ನೋಡಿದ ನನಗೆ ಆ ದೂರು ನಂಬಲಾಗದು.

2008ರ ನವೆಂಬರ್‌ನಲ್ಲಿ ಆರ್ಸೆನಲ್ ನಾಯಕತ್ವ ಗಲಾಸ್‌ನಿಂದ ಜೊತೆಗಾರ ಫ್ಯಾಬ್ರೆಗಾಸ್‌ಗೆ ಹೋಯಿತು. 2010ರಲ್ಲಿ ಗಲಾಸ್ ಟಾಟೆನ್‌ಹ್ಯಾಮ್ ಸೇರಿ ಮತ್ತೆ 13 ತೊಟ್ಟ. ಆ ನವೆಂಬರ್ 20ರಂದು ಎಮಿರೇಟ್ಸ್ ಮೈದಾನದಲ್ಲಿ ಆರ್ಸೆನಲ್ 2–0 ಮುಂದಿತ್ತು. ಟಾಟೆನ್‌ಹ್ಯಾಮ್ 3–2ರಿಂದ ಗೆದ್ದಿತು. 17 ವರ್ಷಗಳಲ್ಲಿ ಆರ್ಸೆನಲ್ ಅಂಗಳದಲ್ಲಿ ಅದರ ಮೊದಲ ಲೀಗ್ ಗೆಲುವು. ಅಂದು ಆ ತಂಡದ ನಾಯಕ ವಿಲಿಯಂ ಗಲಾಸ್.